ರಾತ್ರಿ ಎಂಟಕ್ಕೆ ಬರುತ್ತಿದ್ದ ಫೋನ್

2004ರಲ್ಲಿ ನಾನು ಬೆಂಗಳೂರಿನ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಕಂಪನಿಗೆ ಸೇರಿದಾಗ ಕೆಲಸ ಅಂದರೆ ಓಡಾಟ. ಸಂಜೆ ನಾಲ್ಕರೊಳಗೆ ಪತ್ರಿಕಾ ಪ್ರಕಟಣೆಗಳನ್ನು ಕವರಿಗೆ ಹಾಕಿ ಸ್ಕೂಟರ್ ಹತ್ತುತ್ತಿದ್ದೆ. ಎಂ.ಜಿ. ರಸ್ತೆಯಲ್ಲಿ ಪ್ರಜಾವಾಣಿ, ಕ್ವೀನ್ಸ್ ರಸ್ತೆಯಲ್ಲಿ ಕನ್ನಡಪ್ರಭ, ರೆಸಿಡೆನ್ಸಿ ರಸ್ತೆಯಲ್ಲಿ ಸಂಯುಕ್ತ ಕರ್ನಾಟಕ. ಜೊತೆಗೆ ಒಂದು ಸಿ.ಡಿ. ನಾವು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿರುತ್ತಿದ್ದೆವು. ಅಲ್ಲಿನ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಇದ್ದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಹಾಗಾಗಿ ಕಾಗದದ ಪ್ರತಿ ಬೇಕೇ ಬೇಕಿತ್ತು.

ರಾತ್ರಿ ಎಂಟರ ಹೊತ್ತಿಗೆ ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಡೆಸ್ಕಿನಿಂದ ಫೋನ್ ಬರುತ್ತಿತ್ತು. “ಮೇಡಂ, ಎರಡನೇ ಪ್ಯಾರಾದಲ್ಲಿ 300 ಜನಕ್ಕೆ ಕೆಲಸ ಅಂತಿದೆ, ಕೊನೆಯಲ್ಲಿ 250 ಅಂತಿದೆ. ಯಾವುದು ಸರಿ?” ಆಗ ನನಗೆ ಅದು ಕಿರಿಕಿರಿ. ಒಬ್ಬ ಹಿರಿಯ ಉಪಸಂಪಾದಕರಂತೂ ಎರಡು ಪುಟದ ಪ್ರಕಟಣೆಯನ್ನು ನಾಲ್ಕು ಸಾಲಿಗೆ ಇಳಿಸಿಬಿಡುತ್ತಿದ್ದರು. ಮರುದಿನ ಕ್ಲೈಂಟ್ ಹತ್ತಿರ ನಾನು ಬೈಸಿಕೊಳ್ಳಬೇಕು. ಆದರೆ ಆ ನಾಲ್ಕು ಸಾಲಿನಲ್ಲಿ ಒಂದೂ ತಪ್ಪು ಇರುತ್ತಿರಲಿಲ್ಲ.

2016ರಲ್ಲಿ ಜಿಯೋ ಬಂದ ಮೇಲೆ ಓದುವವರ ಕಣ್ಣು ಮೊಬೈಲಿಗೆ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ, ಪೇಪರ್ ಮುಟ್ಟಿದರೆ ಕೊರೊನಾ ಬರುತ್ತದೆ ಎಂಬ ಭಯಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಪೇಪರ್ ಹಾಕುವ ಹುಡುಗನನ್ನು ಗೇಟಿನಲ್ಲೇ ತಡೆದರು. ಪತ್ರಿಕೆಗೆ ನಾವು ಕೊಡುವ ಕೆಲವೇ ರೂಪಾಯಿಯಲ್ಲಿ ಪತ್ರಿಕೆ ನಡೆಯುವುದಿಲ್ಲ. ನಡೆಸುವುದು ಜಾಹೀರಾತು. ಅದೇ ನಿಂತಾಗ ಪುಟಗಳು ಇಳಿದವು, ಅಲ್ಲಿ ಕೆಲಸ ಮಾಡುವವರೂ ಕಡಿಮೆಯಾದರು. ನನಗೆ ಗೊತ್ತಿದ್ದ ವರದಿಗಾರರಲ್ಲಿ ಕೆಲವರು ಯೂಟ್ಯೂಬ್ ಚಾನೆಲ್ ಮಾಡಿಕೊಂಡರು. ಇಬ್ಬರು ನಮ್ಮ ಕಡೆಗೇ, ಪಿಆರ್ ಕೆಲಸಕ್ಕೇ ಬಂದರು. ಒಳ್ಳೆ ವರದಿಗಾರರು ಅವರು. ಆ ದಿನ ನನಗೆ ನಿಜಕ್ಕೂ ಬೇಜಾರಾಯಿತು.

ನಮಗೆ ಮಾತ್ರ ಕೆಲಸ ಸಲೀಸಾಯಿತು. ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವರದಿಗಾರರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಹತ್ತು ವೆಬ್‌ಸೈಟಿನಲ್ಲಿ ಸುದ್ದಿ, ಹತ್ತು ಲಿಂಕ್. ನಾನು ಬರೆದ ಶೀರ್ಷಿಕೆ, ನಾನು ಬರೆದ ಸಾಲು, ಹಾಗ್ಹಾಗೇ.

2021ರಲ್ಲಿ ಒಂದು ಕೆರೆಯ ಹೂಳೆತ್ತಿದ ಬಗ್ಗೆ ಪ್ರಕಟಣೆ ಕಳಿಸಿದೆ. ಕೆರೆ 42 ಹೆಕ್ಟೇರ್ ಎಂದು ಬರೆದಿದ್ದೆ. ಅದು 42 ಎಕರೆ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ, ಅಲ್ವಾ? ಇದ್ದ ಕೆರೆಯನ್ನು ನಾನು ಎರಡು ಪಟ್ಟಿಗಿಂತ ಜಾಸ್ತಿ ದೊಡ್ಡದು ಮಾಡಿದ್ದೆ. ಯಾರೂ ಕೇಳಲಿಲ್ಲ. ಎಲ್ಲ ಕಡೆ ಹಾಗೇ ಬಂತು. ಮೂರನೇ ದಿನ ಕೆರೆ ಪಕ್ಕದ ಬಡಾವಣೆಯ ಹಿರಿಯರೊಬ್ಬರು ಫೋನ್ ಮಾಡಿ, “ಏನಮ್ಮ, ನಮ್ಮ ಕೆರೆ ಅಷ್ಟು ದೊಡ್ಡದಾಗಿದ್ದು ಯಾವಾಗ? ಉಳಿದ ಜಾಗ ಎಲ್ಲಿದೆ ತೋರಿಸು” ಎಂದರು. ಒತ್ತುವರಿ ಬಗ್ಗೆ ವರ್ಷಗಟ್ಟಲೆ ಅರ್ಜಿ ಹಾಕಿಕೊಂಡು ಬಂದವರು ಅವರು. ಅವರ ದಾಖಲೆಗೆ ಎದುರಾಗಿ ಈಗ ನನ್ನ ತಪ್ಪು ಲೆಕ್ಕ ಹತ್ತು ಕಡೆ ನಿಂತಿತ್ತು. ತಿದ್ದುಪಡಿ ಕಳಿಸಿದೆ. ಮೂರು ಕಡೆ ಮಾತ್ರ ತಿದ್ದಿದರು.

ಆ ಸಲದಿಂದ ರಾತ್ರಿ ಎಂಟರ ಫೋನಿನ ಕೆಲಸವನ್ನು ನಮ್ಮ ಆಫೀಸಿನಲ್ಲೇ ಶುರು ಮಾಡಿದೆ. ಪ್ರಕಟಣೆ ಬರೆದವರು ಅದನ್ನು ಕಳಿಸುವ ಹಾಗಿಲ್ಲ. ಇನ್ನೊಬ್ಬರು ಕೂತು ಪ್ರತಿ ಅಂಕಿಗೂ ಕಾಗದ ಕೇಳಬೇಕು. ಕೆರೆಯಾದರೆ ಸರ್ವೆ ನಂಬರ್, ಪಹಣಿ. ಕಾಗದ ಇಲ್ಲದ ಅಂಕಿ ಹೊರಗೆ ಹೋಗುವುದಿಲ್ಲ. “ದೇಶದಲ್ಲೇ ಮೊದಲು” ಎಂಬ ಮಾತನ್ನು ಹೆಚ್ಚುಕಮ್ಮಿ ನಿಲ್ಲಿಸಿಯೇ ಬಿಟ್ಟೆವು. ಪ್ರಕಟಣೆಯ ಕೆಳಗೆ ಕಂಪನಿಯ ಎಂ.ಡಿ. ನಂಬರ್ ಜೊತೆಗೆ, ಆ ಕೆಲಸದಿಂದ ಲಾಭವೋ ತೊಂದರೆಯೋ ಆದ ಸ್ಥಳೀಯರೊಬ್ಬರ ನಂಬರನ್ನೂ ಅವರ ಒಪ್ಪಿಗೆ ಪಡೆದು ಕೊಡುತ್ತೇವೆ. ವರದಿಗಾರರಿಗೆ ಈಗ ದಿನಕ್ಕೆ ನಾಲ್ಕೈದು ಸುದ್ದಿ ಬರೆಯಬೇಕು. ಸ್ಥಳಕ್ಕೆ ಹೋಗಲು ಪುರುಸೊತ್ತಿಲ್ಲ. ಒಂದು ಫೋನ್ ಮಾಡುವಷ್ಟಾದರೂ ದಾರಿ ಇರಲಿ ಎಂದು ಹೀಗೆ ಮಾಡಿದೆ.

ಕ್ಲೈಂಟ್‌ಗಳನ್ನು ಒಪ್ಪಿಸುವುದೇ ಕಷ್ಟ. ಮೊದಲೆಲ್ಲ ಪತ್ರಿಕೆಯಲ್ಲಿ ಸುದ್ದಿ ಬಂದ ಜಾಗವನ್ನು ಸ್ಕೇಲ್ ಇಟ್ಟು ಅಳೆದು, ಅಷ್ಟೇ ಜಾಗದ ಜಾಹೀರಾತಿಗೆ ಎಷ್ಟು ದುಡ್ಡು ಎಂದು ಲೆಕ್ಕ ಹಾಕಿ ಕ್ಲೈಂಟ್‌ಗೆ ‘ಡಾಕೆಟ್’ ಎಂಬ ವರದಿ ಕೊಡುತ್ತಿದ್ದೆವು. ಈ ಲೆಕ್ಕ ಪಿಆರ್ ಕೆಲಸದ ಬೆಲೆ ಅಲ್ಲ ಎಂದು 2010ರಲ್ಲೇ, ಪಿಆರ್ ಕೆಲಸವನ್ನು ಹೇಗೆ ಅಳೆಯಬೇಕು ಎಂದು ಈ ಕ್ಷೇತ್ರದವರೇ ಒಪ್ಪಿಕೊಂಡ ‘ಬಾರ್ಸಿಲೋನಾ ತತ್ವ’ಗಳಲ್ಲಿ ಹೇಳಿದ್ದಾರೆ. ಆದರೂ ಈಗ ಸೆಂಟಿಮೀಟರ್ ಬದಲು ಲಿಂಕ್ ಎಣಿಸುತ್ತಾರೆ. ನಾನು ಕೊಡುವ ವರದಿಯಲ್ಲಿ ಲಿಂಕುಗಳ ಪಟ್ಟಿಗಿಂತ ಮೊದಲು ಒಂದು ಸಾಲು ಇರುತ್ತದೆ: ಎಷ್ಟು ವರದಿಗಾರರು ತಿರುಗಿ ಫೋನ್ ಮಾಡಿ ಪ್ರಶ್ನೆ ಕೇಳಿದರು.

ಕಳೆದ ತಿಂಗಳು ಆ ಸಾಲಿನಲ್ಲಿ ‘ಎರಡು’ ಎಂದಿತ್ತು. ಅದರಲ್ಲಿ ಒಬ್ಬಳು ವೆಬ್‌ಸೈಟಿನ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳಾಗಿರಬಹುದು. ನಾವು ಕೊಟ್ಟ ನಂಬರಿಗೆ ಫೋನ್ ಮಾಡಿ, ಕಂಪನಿ ಹೇಳದಿದ್ದ ಒಂದು ತೊಂದರೆಯನ್ನು ಕೇಳಿ ತಿಳಿದು ಬರೆದಳು. ಕ್ಲೈಂಟ್ ಸಿಟ್ಟಾದರು. ಮುಂದಿನ ಪ್ರಕಟಣೆಯಲ್ಲಿ ಆ ನಂಬರ್ ಬೇಡ ಎಂದರು. ಬೇಡವಾದರೆ ಪ್ರಕಟಣೆ ನಾನು ಬರೆಯುವುದಿಲ್ಲ ಎಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ನಂಬರ್ ಉಳಿಯಿತು.