55 ತಂತಿ, ಒಂದು ಡಬ್ಬಿ ಸರೇಸು

“ಇದೇನು, ತಂಬೂರಿಗೂ ಸ್ವರಮಂಡಲಕ್ಕೂ ಹುಟ್ಟಿದ ಕೂಸೇ ಡಾಕ್ಟರ್ ಸಾಹೇಬರೇ?” ಎಂದರು ಧಾರವಾಡದ ತಂಬೂರಿ ರಿಪೇರಿಯ ಅಜ್ಜ. ಆಟೋದಿಂದ ಇಳಿಸಿ ಅವರ ಅಂಗಡಿಯ ಚಾಪೆಯ ಮೇಲೆ ನಾನು ಮಲಗಿಸಿದ್ದು ಒಂದು ಬಂಡೂರ. ಉಕ್ರೇನಿನ ಈ ವಾದ್ಯವನ್ನು ಅದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಿದ್ದನ್ನು ನಾನು ಕೇಳಿಲ್ಲ. ದುಂಡನೆಯ ಒಡಲು, ಒಂದು ಬದಿಗೆ ಸರಿದ ಕತ್ತು. ಕತ್ತಿನುದ್ದಕ್ಕೆ ಮಂದ್ರದ ದಪ್ಪ ತಂತಿಗಳು, ಅವನ್ನು ಅಲ್ಲಿ ‘ಬುಂತಿ’ ಎನ್ನುತ್ತಾರೆ. ಒಡಲಿನ ಹಲಗೆಯ ಮೇಲೆ ಬೀಸಣಿಗೆಯಂತೆ ಹರಡಿದ ಸಣ್ಣ ತಂತಿಗಳು ‘ಪ್ರಿಸ್ಟ್ರುಂಕಿ’. ವೀಣೆಯಂತೆ ಮೆಟ್ಟಿಲುಗಳಿಲ್ಲ, ಒತ್ತಿ ನುಡಿಸುವುದಿಲ್ಲ. ಒಂದು ತಂತಿಗೆ ಒಂದೇ ಸ್ವರ. ಹಾಗಾಗಿ ತಂತಿಗಳು ಬೇಕಾದಷ್ಟು. ನನ್ನದರಲ್ಲಿ 55.

1986ರಲ್ಲಿ ವೈದ್ಯಕೀಯ ಓದಲು ಉಕ್ರೇನಿನ ಖಾರ್ಕಿವ್‌ಗೆ ಹೋದವನು 1993ರಲ್ಲಿ ಊರಿಗೆ ಮರಳಿದೆ. ಆಗ ನಾವೆಲ್ಲ ರಷ್ಯನ್ನರ ಹಾಗೆ ‘ಖಾರ್ಕೋವ್’ ಎನ್ನುತ್ತಿದ್ದೆವು. ಕೊನೆಯ ವರ್ಷಗಳಲ್ಲಿ, ಒಂದು ತಿಂಗಳ ವಿದ್ಯಾರ್ಥಿವೇತನಕ್ಕಿಂತ ಹೆಚ್ಚು ಕೊಟ್ಟು ಇದನ್ನು ಕೊಂಡೆ. ಹಾಸ್ಟೆಲಿನ ಹತ್ತಿರದ ಸಂಗೀತ ಶಾಲೆಯ ಅಧ್ಯಾಪಕಿಯೊಬ್ಬರು ವಾರಕ್ಕೊಮ್ಮೆ ಕಲಿಸಿದರು. ಮೈಸೂರಿನಲ್ಲಿ ಬಾಲ್ಯದಲ್ಲಿ ಕಲಿತಿದ್ದ ನಾಲ್ಕು ವರ್ಣಗಳ ಬಲದ ಮೇಲೆ ನಾನು ಅವರೆದುರು ಬಹಳ ಬೀಗಿದ್ದೆ. ಊರಿಗೆ ಬಂದ ಮೇಲೆ ಕ್ಲಿನಿಕ್, ಸಂಸಾರ. ಬಂಡೂರ ಅಲಮಾರಿನ ಮೇಲೇರಿ ಹಳೆಯ ಜಮಖಾನದೊಳಗೆ ಇಪ್ಪತ್ತೆಂಟು ವರ್ಷ ಮಲಗಿತು.

2022ರ ಮಾರ್ಚ್ ಮೊದಲ ದಿನ, ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂತು. ಟಿವಿಯಲ್ಲಿ ತೋರಿಸುತ್ತಿದ್ದ ಬೀದಿಗಳಲ್ಲಿ ನಾನು ನಡೆದಾಡಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಕುರ್ಚಿ ಹಾಕಿಕೊಂಡು ಹತ್ತಿ ಜಮಖಾನವನ್ನು ಕೆಳಗಿಳಿಸಿದೆ.

ಸ್ವರರಂಧ್ರದೊಳಗೆ ಟಾರ್ಚ್ ಬಿಟ್ಟರೆ ಕಾಗದದ ಚೀಟಿ ಕಾಣಿಸಿತು: ಚೆರ್ನಿಹಿವ್ ಸಂಗೀತ ವಾದ್ಯ ಕಾರ್ಖಾನೆ. ಬೆಲೆ ಬರೆದಿದ್ದ ಜಾಗದಲ್ಲಿ ತೇವದ ಕಲೆ. ಆ ದಿನಗಳಲ್ಲೇ ಆ ಚೆರ್ನಿಹಿವ್ ನಗರವನ್ನೂ ರಷ್ಯಾದ ಸೇನೆ ಮುತ್ತಿತ್ತು.

ಆ ಚೀಟಿಯ ಹಿಂದಿನ ಕಥೆ ನನಗೆ ತಿಳಿದದ್ದು ನುಡಿಸಲು ಕಲಿಯುವಾಗಲ್ಲ, ಬಿಚ್ಚಲು ಹೊರಟಾಗ. ಹಳೆಯ ಕಾಲದ ಬಂಡೂರದ ಒಡಲನ್ನು ಒಂದೇ ಮರದ ತುಂಡಿನಲ್ಲಿ ಕೊರೆಯುತ್ತಿದ್ದರು, ನಮ್ಮ ಏಕಾಂಡ ವೀಣೆಯ ಹಾಗೆ. ಇಪ್ಪತ್ತರ ಆಸುಪಾಸು ತಂತಿಗಳು, ಅವನ್ನು ಬಿಗಿಯಲು ಮರದ ಬಿರಡೆಗಳು. ನುಡಿಸುತ್ತಿದ್ದವರಲ್ಲಿ ಹೆಚ್ಚಿನವರು ಕೋಬ್ಜಾರರೆಂಬ ಕುರುಡು ಗಾಯಕರು. ಅವರು ಶ್ರುತಿ ಮಾಡುತ್ತಿದ್ದುದು ತಮ್ಮ ತಮ್ಮ ಕಂಠಕ್ಕೆ. ಹತ್ತು ಜನರನ್ನು ಒಂದೇ ವೇದಿಕೆಯ ಮೇಲೆ ಕೂರಿಸಿ ಒಟ್ಟಿಗೆ ನುಡಿಸಬೇಕೆಂದರೆ ಇದು ನಡೆಯುವುದಿಲ್ಲ. 1918ರಲ್ಲಿ ವಾಸಿಲ್ ಯೆಮೆಟ್ಸ್ ಕೀವ್‌ನಲ್ಲಿ ಬಂಡೂರ ವಾದಕರ ಮೇಳ ಕಟ್ಟಿದಾಗಿನಿಂದ ಒಂದೇ ಅಳತೆಯ, ಒಂದೇ ಶ್ರುತಿಯ ವಾದ್ಯಗಳಿಗೆ ಬೇಡಿಕೆ ಹುಟ್ಟಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ಪೂರೈಸಿದ್ದು ಚೆರ್ನಿಹಿವ್ ಕಾರ್ಖಾನೆ. ಕೀವ್ ಮೇಳದ ಇವಾನ್ ಸ್ಕ್ಲ್ಯಾರ್ ಅವರ ವಿನ್ಯಾಸದಂತೆ 1954ರಿಂದ ಅಲ್ಲಿ ಸಾಲುಸಾಲಾಗಿ ಬಂಡೂರಗಳು ತಯಾರಾದವು. ಪಿಯಾನೋ, ಗಿಟಾರ್ ಮಾಡುತ್ತಿದ್ದ ಕೈಗಳೇ ಇದನ್ನೂ ಮಾಡಿದವು. ಹತ್ತು ವರ್ಷದ ನಂತರ ಲ್ವಿವ್ ಕಾರ್ಖಾನೆಯಲ್ಲಿ ವಾಸಿಲ್ ಹೆರಾಸಿಮೆಂಕೊ ಅವರ ವಿನ್ಯಾಸ ಬಂತು. ಇಂದಿಗೂ ‘ಚೆರ್ನಿಹಿವ್‌ದೋ ಲ್ವಿವ್‌ದೋ?’ ಎಂಬುದು ವಾದಕರ ಮೊದಲ ಪ್ರಶ್ನೆ.

ಇಲ್ಲಿ ನನ್ನನ್ನು ಇಂದಿಗೂ ಕೊರೆಯುವ ಒಂದು ಸಂಗತಿ ಇದೆ. ನಾನು ಓದಿದ ಊರಿಗೆ ತನ್ನದೇ ಆದ ಬಾಣಿಯಿತ್ತು. ಖಾರ್ಕಿವ್ ಬಾಣಿಯಲ್ಲಿ ವಾದ್ಯವನ್ನು ಎದೆಗೆ ಸಮಾನಾಂತರವಾಗಿ ಹಿಡಿಯುತ್ತಾರೆ, ಎಡಗೈ ಅಂಚನ್ನು ದಾಟಿ ಬಂದು ಬಲಗೈಯ ಜೊತೆ ಸಣ್ಣ ತಂತಿಗಳ ಮೇಲೂ ಓಡಾಡುತ್ತದೆ. ಕೀವ್ ಬಾಣಿಯಲ್ಲಿ ವಾದ್ಯ ಎದೆಗೆ ಲಂಬವಾಗಿ ನಿಲ್ಲುತ್ತದೆ. ಎಡಗೈಗೆ ಮಂದ್ರ, ಬಲಗೈಗೆ ಉಳಿದದ್ದು. ಖಾರ್ಕಿವ್ ಬಾಣಿಗಾಗಿ ಬದುಕನ್ನೇ ತೆತ್ತ ಹ್ನಾತ್ ಖೋಟ್ಕೆವಿಚ್ 1902ರಲ್ಲಿ ಅಲ್ಲಿನ ಪುರಾತತ್ವ ಸಮ್ಮೇಳನದಲ್ಲಿ ಕುರುಡು ಗಾಯಕರನ್ನು ವೇದಿಕೆಗೆ ತಂದವರು. 1938ರಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಗುಂಡಿಕ್ಕಿ ಕೊಂದಿತು. ಆದರೆ ಬಾಣಿ ಸೊರಗಿದ್ದು ಅದೊಂದರಿಂದಲೇ ಎಂದು ನನಗೆ ಅನಿಸುವುದಿಲ್ಲ. ಕೀವ್ ಮಾದರಿಯ ವಾದ್ಯ ಅಂಗಡಿಯಲ್ಲಿ ಸಿಗುತ್ತಿತ್ತು, ಖಾರ್ಕಿವ್ ಮಾದರಿ ಆ ಪ್ರಮಾಣದಲ್ಲಿ ಕಾರ್ಖಾನೆಯಿಂದ ಹೊರಬರಲೇ ಇಲ್ಲ. ಮಗುವಿಗೆ ಯಾವ ವಾದ್ಯ ಸಿಗುತ್ತದೋ ಆ ಬಾಣಿಯೇ ಬರುತ್ತದೆ. ಖಾರ್ಕಿವ್‌ನಲ್ಲಿ ಕೂತು ನಾನು ಕಲಿತದ್ದೂ ಕೀವ್ ಬಾಣಿಯನ್ನೇ.

ಇನ್ನು ರಿಪೇರಿ. ಹಲಗೆಯಲ್ಲಿ ಗೆರೆಗುಂಟ ಒಂದು ಗೇಣುದ್ದದ ಬಿರುಕು. ಬಿರಡೆಗಳು ಇಲ್ಲಿ ಉಕ್ಕಿನ ಮೊಳೆಗಳು, ಪಿಯಾನೋದಲ್ಲಿ ಇರುವಂಥವು. ಅದರಲ್ಲಿ ಒಂಬತ್ತು ಸಡಿಲ. ತಂತಿಗಳೆಲ್ಲ ತುಕ್ಕು. ಬಿಚ್ಚುವ ಮುನ್ನ ಪ್ರತಿ ತಂತಿಗೂ ಬಿಳಿ ದಾರದಲ್ಲಿ ಸಂಖ್ಯೆಯ ಚೀಟಿ ಕಟ್ಟಿದೆ, ಮೈಕ್ರೋಮೀಟರಿನಿಂದ ದಪ್ಪ ಅಳೆದು ಬರೆದುಕೊಂಡೆ. ಒಂದು ಭಾನುವಾರವಿಡೀ ಹಿಡಿದ ಈ ಕೆಲಸವೇ ಮುಂದೆ ನನ್ನನ್ನು ಉಳಿಸಿತು. ಬಿಚ್ಚುವಾಗಲೂ ಒಂದು ಕಡೆಯಿಂದ ಬಿಚ್ಚುತ್ತ ಹೋಗಬಾರದು. ಒಂದೊಂದು ತಂತಿ ಎಂಟು ಕಿಲೋ ಎಳೆತದಲ್ಲಿದ್ದರೂ 55ಕ್ಕೆ 440 ಕಿಲೋ ಆಗುತ್ತದೆ. ಇಷ್ಟು ಭಾರ ಒಂದೇ ಬದಿಯಿಂದ ಇಳಿದರೆ ಹಲಗೆ ತಿರುಚಿಕೊಳ್ಳುತ್ತದೆ. ಮೂರು ಮೂರು ತಂತಿ ಬಿಟ್ಟು ಒಂದನ್ನು ಸ್ವಲ್ಪ ಸಡಿಲಿಸುತ್ತ ನಾಲ್ಕು ಸುತ್ತು ಬಂದೆ.

ತಂತಿಗಳೆಲ್ಲ ಹೋದ ಮೇಲೆ ಅಜ್ಜ ತಂತಿಗಳನ್ನು ಹೊರುವ ಮರದ ಪಟ್ಟಿಯ, ಅಂದರೆ ಕುದುರೆಯ ಮೇಲೆ ಬೆರಳಾಡಿಸಿ, “ಇದಕ್ಕೆ ನಿಮ್ಮ ಆ ದೇಶದಲ್ಲಿ ಏನನ್ನುತ್ತಾರೆ?” ಎಂದು ಕೇಳಿದರು. ಕೋಬಿಲ್ಕಾ ಎಂದೆ. ಅರ್ಥ? ಹೆಣ್ಣು ಕುದುರೆ. ಅಜ್ಜ ಬೀಡಿ ಕೆಳಗಿಟ್ಟು ನಕ್ಕರು. “ಹಾಗಾದರೆ ಮರಗೆಲಸದವರು ಎಲ್ಲ ಕಡೆ ಒಂದೇ ಜಾತಿ.”

ಹಲಗೆ ಸ್ಪ್ರೂಸ್ ಮರದ್ದು. ಅದು ಧಾರವಾಡದಲ್ಲಿ ಎಲ್ಲಿ ಸಿಗಬೇಕು? ಮುರಿದ ಗಿಟಾರ್‌ಗಳನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋದೆ. ಅಗ್ಗದ ಗಿಟಾರ್‌ನ ಮೇಲುಹಲಗೆ ಬಹುತೇಕ ಪ್ಲೈವುಡ್. ಸ್ವರರಂಧ್ರದ ಅಂಚನ್ನು ನೋಡಿದರೆ ಗೊತ್ತಾಗುತ್ತದೆ: ಮೇಲಿನ ಗೆರೆಗಳು ಅಂಚಿನಲ್ಲೂ ನೇರವಾಗಿ ಕೆಳಗಿಳಿದಿದ್ದರೆ ಗಟ್ಟಿಮರ, ಪದರಗಳು ಕಂಡರೆ ಪ್ಲೈ. ಏಳನೆಯ ಗಿಟಾರ್ ಗಟ್ಟಿಮರದ್ದು. ಅದರಿಂದ ಕೂದಲೆಳೆಯಂಥ ಸೀಳು ತೆಗೆದು ಬಿರುಕಿಗೆ ತುಂಬಬೇಕಿತ್ತು. ಅಜ್ಜ ತಡೆದರು. ಏಪ್ರಿಲ್ ಬಿಸಿಲಿಗೆ ಮರ ಪೂರ್ತಿ ಕುಗ್ಗಿದೆ, ಈಗ ಬಿಗಿಯಾಗಿ ತುಂಬಿದರೆ ಮಳೆಗಾಲದಲ್ಲಿ ಉಬ್ಬಿ ಪಕ್ಕದಲ್ಲಿ ಸೀಳುತ್ತದೆ ಎಂದರು. ವಾದ್ಯವನ್ನು ಸಣ್ಣ ಕೋಣೆಯಲ್ಲಿಟ್ಟು ಸುತ್ತ ಒದ್ದೆ ಗೋಣಿಚೀಲ ನೇತುಹಾಕಿ ಎಂಟು ದಿನ ಕಾದೆವು. ಬಿರುಕು ತಾನಾಗಿಯೇ ಅರ್ಧದಷ್ಟು ಮುಚ್ಚಿಕೊಂಡಿತು. ಉಳಿದದ್ದಕ್ಕೆ ಸೀಳು ಕೂರಿಸಿದೆವು, ಒಳಗಿನಿಂದ ಮೂರು ಸಣ್ಣ ಪಟ್ಟಿಗಳ ಆಸರೆ ಕೊಟ್ಟೆವು.

ಅಂಟು ಯಾವುದು ಎಂಬುದಕ್ಕೆ ನಾನು ಫೆವಿಕಾಲ್ ಡಬ್ಬಿ ತೆಗೆದಾಗ ಅಜ್ಜ ನೋಡಿದ ನೋಟವನ್ನು ಬರೆಯಲಾರೆ. ಚರ್ಮದಿಂದ ಮಾಡುವ ಅಂಟು, ಸರೇಸೇ ಆಗಬೇಕು. ನೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ, ಬಿಸಿಯಿರುವಾಗಲೇ ಹಚ್ಚಬೇಕು. ಮನೆಯೆಲ್ಲ ಚರ್ಮದ ವಾಸನೆ. ನನ್ನ ಹೆಂಡತಿ ಎರಡು ದಿನ ತಂಗಿಯ ಮನೆಗೆ ಹೋದಳು. ಸರೇಸಿನ ಗುಣವೆಂದರೆ ತಪ್ಪಾದರೆ ಬಿಸಿ ಮಾಡಿ ಬಿಡಿಸಬಹುದು. ಆ ಗುಣ ನನಗೆ ಬೇಗನೆ ಬೇಕಾಯಿತು.

ಸಡಿಲ ಬಿರಡೆಗಳ ರಂಧ್ರಗಳಿಗೆ ತೆಳ್ಳಗಿನ ಉಜ್ಜುಕಾಗದದ ಪಟ್ಟಿಯನ್ನು, ಒರಟು ಮುಖ ಮರದ ಕಡೆಗಿರುವಂತೆ ಸುತ್ತಿ ತುರುಕಿ, ಬಿರಡೆ ತಿರುವಿ ಇಳಿಸಿದೆವು. ಸಣ್ಣ ತಂತಿಗಳಿಗೆ ಪಿಯಾನೋ ಉಕ್ಕಿನ ತಂತಿಯ ಸುರುಳಿ ತರಿಸಿದೆ. ಬುಂತಿಗಳಿಗೆ ಗಿಟಾರಿನ ಸುತ್ತುತಂತಿಯೇ ಸಾಕಾಯಿತು. ಕೈಯಿಂದ ಮಾಡಿದ ವಾದ್ಯವಾಗಿದ್ದರೆ ಒಂದೊಂದು ಬಿರಡೆಯೂ ಒಂದೊಂದು ಗಾತ್ರ ಇರುತ್ತಿತ್ತೇನೋ. ಇಲ್ಲಿ ಎಲ್ಲವೂ ಒಂದೇ ಅಳತೆ. ಅಜ್ಜನ ಸ್ವರಮಂಡಲದ ಕೀಲಿಯನ್ನು ಸ್ವಲ್ಪ ಅರದಲ್ಲಿ ಉಜ್ಜಿದ ಮೇಲೆ 55ಕ್ಕೂ ಅದೇ ಕೂತಿತು. ಕಾರ್ಖಾನೆಯ ವಾದ್ಯವೆಂದರೆ ಮೂಗು ಮುರಿಯುವ ವಾದಕರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಮಧ್ಯಾಹ್ನ ಅವರ ಬಗ್ಗೆ ನನಗಿದ್ದ ಗೌರವ ಕೊಂಚ ಇಳಿಯಿತು.

ನನ್ನ ತಪ್ಪು ಕೊನೆಯಲ್ಲಿ. ತಂತಿ ಏರಿಸಿದ ದಿನವೇ ಉತ್ಸಾಹ ತಡೆಯದೆ ಪೂರ್ತಿ ಶ್ರುತಿಗೆ ಎಳೆದೆ. ರಾತ್ರಿ ಎರಡು ಗಂಟೆಗೆ ಕಡಲೆಕಾಯಿ ಒಡೆದಂಥ ಸದ್ದು. ಒಳಗಿನ ಒಂದು ಆಸರೆ ಪಟ್ಟಿ ಕಿತ್ತು ಬಂದಿತ್ತು. ಅಜ್ಜ ಬೈಯಲಿಲ್ಲ. “ಎಲುಬು ಮುರಿದವನನ್ನು ಪ್ಲಾಸ್ಟರ್ ಹಾಕಿದ ದಿನವೇ ಓಡಿಸುತ್ತೀರಾ?” ಎಂದಷ್ಟೇ ಕೇಳಿದರು. ಮತ್ತೆ ಬಿಚ್ಚಿ, ಬಿಸಿ ಮಾಡಿ, ಅಂಟಿಸಿ, ಎರಡನೆಯ ಸಲ ಮೂರು ವಾರ ತೆಗೆದುಕೊಂಡೆ. ಮೊದಲು ಎರಡು ಸ್ವರ ಕೆಳಗೆ ನಿಲ್ಲಿಸಿ ಒಂದು ವಾರ, ಆಮೇಲೆ ಒಂದು ಸ್ವರ ಏರಿಸಿ ಒಂದು ವಾರ, ಕೊನೆಗೆ ಪೂರ್ತಿ.

ಚೆರ್ನಿಹಿವ್ ಬಂಡೂರದ ಮುಖ್ಯ ಸಾಲಿನ ಶ್ರುತಿ ಜಿ ಮೇಜರ್. ಅಂದರೆ ‘ಜಿ’ಯನ್ನು ಷಡ್ಜ ಮಾಡಿಕೊಂಡರೆ ಕರ್ನಾಟಕ ಸಂಗೀತದ ಶಂಕರಾಭರಣ. ನಾನು ಹಾಗೆ ಹೇಳಿದಾಗ ಅಜ್ಜ ಒಪ್ಪಲಿಲ್ಲ, ಧಾರವಾಡದಲ್ಲಿ ಅದಕ್ಕೆ ಬಿಲಾವಲ್ ಎಂದೇ ಹೆಸರು ಎಂದರು. ಪಕ್ಕದ ಸಾಲಿನಿಂದ ಶುದ್ಧ ಮಧ್ಯಮದ ಬದಲು ತೀವ್ರ ಮಧ್ಯಮವನ್ನು ಮೀಟಿ ತೋರಿಸಿದೆ. ಅಜ್ಜ ಕಣ್ಣು ಮುಚ್ಚಿ “ಯಮನ್” ಎಂದರು. ನಾನು ಕಲ್ಯಾಣಿ ಎನ್ನಲು ಹೋಗಿ ಸುಮ್ಮನಾದೆ.

ಐದನೆಯ ಬುಂತಿ ಮಾತ್ರ ಈಗಲೂ ಎರಡು ದಿನಕ್ಕೊಮ್ಮೆ ಕಾಲು ಸ್ವರ ಇಳಿಯುತ್ತದೆ. ಉಜ್ಜುಕಾಗದದ ಇನ್ನೊಂದು ಸುತ್ತು ಹಾಕಲೇ ಎಂದು ಕೇಳಿದ್ದಕ್ಕೆ ಅಜ್ಜ ಬೇಡವೆಂದರು. ಜೂನ್ ಬರಲಿ, ಮರ ಉಬ್ಬಿ ತಾನೇ ಹಿಡಿಯುತ್ತದೆಯಂತೆ.