ಹಳೆಯ ವ್ಯಾನಿನ ಫ್ಯಾನ್ ಕ್ಲಚ್ ಬಿಚ್ಚುವ ಬಗೆ

ಉಡುಪಿಯಿಂದ ಹೆಬ್ರಿಯವರೆಗೆ ತಕರಾರಿಲ್ಲದೆ ಓಡಿದ ಹಳೆಯ ವ್ಯಾನು ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವುಗಳನ್ನು ಏರತೊಡಗಿದೊಡನೆ ಬಿಸಿಯಾಗುತ್ತಿದ್ದರೆ, ಅಥವಾ ಮಂಗಳೂರಿನ ನಂತೂರು ವೃತ್ತದಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗ ಏರಿದ ಟೆಂಪರೇಚರ್ ಮುಳ್ಳು ಹೆದ್ದಾರಿಯಲ್ಲಿ ತಾನಾಗಿಯೇ ಇಳಿಯುತ್ತಿದ್ದರೆ, ಕೂಲೆಂಟ್ ಮಟ್ಟ ಸರಿಯಿದೆಯೆಂದು ನೋಡಿಕೊಂಡ ಬಳಿಕ ಅನುಮಾನಿಸಬೇಕಾದದ್ದು ಫ್ಯಾನ್ ಕ್ಲಚ್ಚನ್ನು. ವೇಗವಿದ್ದಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ವೇಗವಿಲ್ಲದಾಗ ಆ ಹೊಣೆ ಪೂರ್ತಿ ಫ್ಯಾನಿನದು.

ಬೆಲ್ಟಿನಿಂದ ತಿರುಗುವ ವಾಟರ್ ಪಂಪಿಗೂ ಫ್ಯಾನಿಗೂ ನಡುವೆ ಕೂತಿರುವ ಅಲ್ಯುಮಿನಿಯಂ ಡಬ್ಬಿಯೇ ಈ ಕ್ಲಚ್. ಅದರೊಳಗೆ ದಪ್ಪನೆಯ ಸಿಲಿಕೋನ್ ಎಣ್ಣೆ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಡಬ್ಬಿಯ ಮುಂಭಾಗದಲ್ಲಿರುವ ಎರಡು ಲೋಹಗಳ ಪಟ್ಟಿ ಬಾಗಿ ಒಳಗಿನ ಕವಾಟವನ್ನು ತೆರೆಯುತ್ತದೆ. ಎಣ್ಣೆ ಹರಿದು ಹಿಡಿತ ಬಿಗಿಯಾಗಿ ಫ್ಯಾನು ಜೋರಾಗಿ ತಿರುಗುತ್ತದೆ. ಎಣ್ಣೆ ಸೋರಿಹೋದ ಕ್ಲಚ್ಚಿನ ಸುತ್ತ ಧೂಳು ಮೆತ್ತಿದ ಜಿಡ್ಡಿನ ಗೆರೆಗಳು ಕಾಣುತ್ತವೆ. ಎಂಜಿನ್ ಆರಿಸಿ ಫ್ಯಾನನ್ನು ಕೈಯಿಂದ ತಳ್ಳಿದಾಗ ಸ್ವಲ್ಪ ತಡೆ ಸಿಗಬೇಕು. ಅದು ಗಿರಗಿಟ್ಟಲೆಯಂತೆ ಸುತ್ತುತ್ತಲೇ ಇದ್ದರೆ ಕ್ಲಚ್ ಮುಗಿದಿದೆ ಎಂದೇ ತಿಳಿಯಬೇಕು. ಕರೆಂಟಿನಿಂದ ತಿರುಗುವ ಫ್ಯಾನಿರುವ ವ್ಯಾನುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಎಂಜಿನ್ ಸಂಪೂರ್ಣ ತಣಿದಿರಲಿ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಎಂಜಿನ್ ಮುಂದಿನ ಸೀಟುಗಳ ನಡುವೆ ಅಡಗಿರುವ ವ್ಯಾನುಗಳಲ್ಲಿ ಒಳಗಿನ ಮುಚ್ಚಳ ತೆಗೆದರೂ ಕೈಯಾಡಿಸಲು ಜಾಗ ಸಾಲದು. ಅರ್ಧ ಕೆಲಸವನ್ನು ಕೆಳಗಿನಿಂದಲೇ ಮಾಡಬೇಕಾಗುತ್ತದೆ. ಹಾಗೆ ಕೆಳಗೆ ನುಸುಳುವುದಾದರೆ ಜಾಕಿಯೊಂದನ್ನೇ ನಂಬಬಾರದು, ಸ್ಟ್ಯಾಂಡ್ ಕೊಡಲೇಬೇಕು. ಬಳಿಕ ಫ್ಯಾನನ್ನು ಸುತ್ತುವರಿದ ಪ್ಲಾಸ್ಟಿಕ್ ಕವರಿನ ಬೋಲ್ಟುಗಳನ್ನು ಬಿಚ್ಚಿ ಅದನ್ನು ಎಂಜಿನ್ ಕಡೆಗೆ ಸರಿಸಿ, ರೇಡಿಯೇಟರಿಗೂ ಫ್ಯಾನಿಗೂ ನಡುವೆ ದಪ್ಪ ರಟ್ಟೊಂದನ್ನು ಇಳಿಬಿಡಿ. ರಟ್ಟಿಡದ ಸೋಮಾರಿತನಕ್ಕೆ ಸ್ಪ್ಯಾನರ್ ಜಾರಿ ರೇಡಿಯೇಟರ್ ತೂತಾದರೆ, ಆಮೇಲಿನ ಖರ್ಚು ಕ್ಲಚ್ಚಿನದ್ದಲ್ಲ.

ಕೆಲವು ವ್ಯಾನುಗಳಲ್ಲಿ ಕ್ಲಚ್ಚನ್ನು ಪಂಪಿನ ಪುಲ್ಲಿಗೆ ನಾಲ್ಕು ನಟ್ಟುಗಳು ಹಿಡಿದಿರುತ್ತವೆ. ಅಲ್ಲಿ ಗೋಜಲಿಲ್ಲ: ಬೆಲ್ಟ್ ಬಿಗಿಯಾಗಿರುವಾಗಲೇ ನಾಲ್ಕನ್ನೂ ಸಡಿಲಿಸಿ, ಆಮೇಲೆ ಬಿಚ್ಚಿದರಾಯಿತು. ಕಷ್ಟವಿರುವುದು ಒಂದೇ ದೊಡ್ಡ ನಟ್ಟಿನಿಂದ ಪಂಪಿನ ಶಾಫ್ಟಿಗೆ ತಿರುಪಿ ಕೂರಿಸಿದ ಬಗೆಯಲ್ಲಿ. ಈ ನಟ್ಟು ಹಲವು ವಾಹನಗಳಲ್ಲಿ 32 ಅಥವಾ 36 ಮಿ.ಮೀ. ಅಳತೆಯದು, ಜೊತೆಗೆ ಕೆಲವದರಲ್ಲಿ ಥ್ರೆಡ್ ಉಲ್ಟಾ ಇರುತ್ತದೆ. ಓಡುವಾಗ ನಟ್ಟು ತಾನಾಗಿ ಬಿಗಿಯಾಗುತ್ತಾ ಹೋಗಬೇಕೆಂಬುದೇ ಇದರ ಕಾರಣ. ಆದ್ದರಿಂದ ನೆನಪಿಡಬೇಕಾದ ಲೆಕ್ಕ ಇಷ್ಟು: ಎಂಜಿನ್ ಚಾಲೂ ಇದ್ದಾಗ ಫ್ಯಾನು ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ನಟ್ಟನ್ನು ತಿರುಗಿಸಿದರೆ ಅದು ಸಡಿಲಾಗುತ್ತದೆ. ನಿಮ್ಮ ವ್ಯಾನಿನ ಕೈಪಿಡಿಯಲ್ಲಿ ಇದನ್ನು ಒಮ್ಮೆ ಖಚಿತಪಡಿಸಿಕೊಂಡೇ ಕೈಹಾಕಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ತಪ್ಪು ದಿಕ್ಕಿನಲ್ಲಿ ಎಳೆದವರು ವಾಟರ್ ಪಂಪನ್ನೂ ಕಳೆದುಕೊಂಡಿದ್ದಾರೆ.

ನಮ್ಮ ಕರಾವಳಿಯ ಉಪ್ಪುಗಾಳಿಗೆ, ಅದರಲ್ಲೂ ಮಲ್ಪೆಯ ದಕ್ಕೆಗೆ ನಿತ್ಯ ಹೋಗಿಬರುವ ಮೀನಿನ ವ್ಯಾನುಗಳಲ್ಲಿ, ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಸಾಮಾನ್ಯ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟರೆ ಬೆಳಿಗ್ಗೆ ಅರ್ಧ ಶ್ರಮ ಉಳಿಯುತ್ತದೆ. ಬೆಲ್ಟಿನ ಮೇಲೆ ಮಾತ್ರ ಎಣ್ಣೆ ಬೀಳಬಾರದು. ಪುಲ್ಲಿ ತಿರುಗದಂತೆ ಅದರ ಬೋಲ್ಟುಗಳಿಗೆ ಹಿಡಿಕೆಯ ಪಟ್ಟಿ ಸಿಕ್ಕಿಸಿ ಒಬ್ಬರು ಬಿಗಿಹಿಡಿಯಲಿ. ಇನ್ನೊಬ್ಬರು ಸ್ಪ್ಯಾನರನ್ನು ನಟ್ಟಿಗೆ ಪೂರ್ತಿ ಕೂರಿಸಿ, ಅದರ ತುದಿಗೆ ಸುತ್ತಿಗೆಯಿಂದ ಚುರುಕಾಗಿ ಒಂದೇಟು ಕೊಡಲಿ. ನಿಧಾನವಾಗಿ ಜಗ್ಗುವುದಕ್ಕಿಂತ ಇಂಥ ಹಠಾತ್ ಏಟಿಗೇ ನಟ್ಟು ಮಣಿಯುತ್ತದೆ. ಸಡಿಲಾದ ಮೇಲೆ ಫ್ಯಾನನ್ನು ಒಂದು ಕೈಯಲ್ಲಿ ಆತುಕೊಂಡು, ಇನ್ನೊಂದರಿಂದ ನಟ್ಟನ್ನು ತಿರುಗಿಸಿ ಬಿಡಿಸಿ, ಫ್ಯಾನು ಮತ್ತು ಕವರನ್ನು ಜೊತೆಯಾಗಿಯೇ ಮೇಲೆತ್ತಿ.

ಕ್ಲಚ್ಚನ್ನು ಮತ್ತೆ ಬಳಸುವ ಯೋಚನೆಯಿದ್ದರೆ ಬೆಂಚಿನ ಮೇಲೆ ಮಲಗಿಸಿಡಬೇಡಿ. ಎಣ್ಣೆ ಬೇರಿಂಗಿನೆಡೆಗೆ ಇಳಿಯಬಾರದೆಂದು ವಾಹನದಲ್ಲಿ ಇದ್ದಂತೆಯೇ ನಿಲ್ಲಿಸಿಡಬೇಕು. ಫ್ಯಾನಿನ ರೆಕ್ಕೆಗಳ ಬುಡದಲ್ಲಿ ಬಿರುಕಿದ್ದರೆ ಅದನ್ನು ಎಸೆಯುವುದೇ ಸರಿ, ಅಂಟಿಸಿ ಹಾಕುವಂಥ ವಸ್ತು ಅದಲ್ಲ. ಪಂಪಿನ ಶಾಫ್ಟನ್ನು ಅಲ್ಲಾಡಿಸಿ ನೋಡುವುದಕ್ಕೂ ಇದೇ ಹೊತ್ತು. ಅಲುಗಾಟವಿದ್ದರೆ ಹೊಸ ಕ್ಲಚ್ಚೂ ಬಹಳ ಕಾಲ ಬಾಳುವುದಿಲ್ಲ.

ಮರುಜೋಡಿಸುವಾಗ ನಟ್ಟಿನ ಮೊದಲ ಸುತ್ತುಗಳನ್ನು ಕೈಯಿಂದಲೇ ಹಾಕಿ, ಥ್ರೆಡ್ ಅಡ್ಡ ಹತ್ತಿಲ್ಲವೆಂದು ನೋಡಿಕೊಂಡು, ಸ್ಪ್ಯಾನರಿನಿಂದ ಬಿಗಿಮಾಡಿ. ಕವರಿಗೆ ರೆಕ್ಕೆಗಳು ತಾಗುತ್ತಿಲ್ಲವೆಂದು ಫ್ಯಾನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ತಿಳಿದುಕೊಂಡ ಮೇಲೆಯೇ ಬ್ಯಾಟರಿ ತಂತಿ ಜೋಡಿಸಬೇಕು. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಆರಂಭದಲ್ಲಿ ಫ್ಯಾನು ಭರ್ರೆಂದು ಸದ್ದು ಮಾಡಿ, ಎಣ್ಣೆ ತನ್ನ ಜಾಗಕ್ಕೆ ಮರಳಿದಂತೆ ತಗ್ಗುವುದು ಸಹಜ. ಆ ಸದ್ದು ತಗ್ಗದೆ ಹಾಗೆಯೇ ಮುಂದುವರಿದರೆ ಮಾತ್ರ ಕ್ಲಚ್ ಒಳಗೇ ಕಚ್ಚಿಕೊಂಡಿದೆ ಎಂದರ್ಥ.