ಹಳೇ ಮಿಲಿಟರಿ ರೈಫಲ್‌ಗೆ ಎಷ್ಟು ಕೊಟ್ಟರೆ ನ್ಯಾಯ?

ಅಮೆರಿಕದ ಗನ್ ಶೋಗಳಲ್ಲಿ ಹಳೇ ಬಂದೂಕು ಹರಡಿಟ್ಟ ಮೇಜುಗಳನ್ನು ನೋಡುತ್ತಾ ಹೋದರೆ ನಮ್ಮ ಇಷಾಪುರದ ರೈಫಲ್ ಕೂಡ ಕಣ್ಣಿಗೆ ಬೀಳುತ್ತದೆ. ನಮ್ಮ ಪೊಲೀಸರ ಹೆಗಲ ಮೇಲೆ ನೋಡಿದ್ದೇವಲ್ಲ, ಅದೇ ತ್ರೀ ನಾಟ್ ತ್ರೀ. ಜತೆಗೆ ಅದರ ತಮ್ಮ 2ಎ1. ಪಶ್ಚಿಮ ಬಂಗಾಳದ ಕಾರ್ಖಾನೆಯಲ್ಲಿ ತಯಾರಾಗಿ, ಸೇವೆ ಮುಗಿಸಿ, ಸರ್‌ಪ್ಲಸ್, ಅಂದರೆ ಸೇನೆಗೆ ಬೇಡವಾದ ಮಾಲು, ಅಂತ ಹಡಗು ಹತ್ತಿದವು ಇವು. ಊರಿನ ಮಾಲು ಅಂದಮೇಲೆ ಅಲ್ಲಿನ ಕನ್ನಡಿಗರಿಗೂ ಆಸೆಯಾಗುತ್ತದೆ, ಅಲ್ವಾ?

ಆದರೆ ಮೊದಲು ಕಾನೂನು. ಭಾರತದಲ್ಲಿ ಈ ಎರಡೂ ಬೋರ್ (ತೋಟಾದ ಅಳತೆ) ಮಾಮೂಲಿ ಲೈಸೆನ್ಸ್‌ಗೆ ಸಿಗುವುದಿಲ್ಲ, ಹಾಗಾಗಿ ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದ ಮಾರುಕಟ್ಟೆಯದ್ದು. ಅಲ್ಲೂ ಎಚ್-1ಬಿ ಥರದ ವೀಸಾದಲ್ಲಿರುವವರು, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಬೇರೆ ಮಾತು.

ಯಾವುದು ಅಂತ ಗುರುತು ಹಿಡಿಯಿರಿ

ಕೈಗೆ ತೆಗೆದುಕೊಂಡ ಕೂಡಲೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ, ಹಿಡಿಯಿರುವ ಲೋಹದ ಭಾಗ) ತೆರೆದು ಒಳಗೆ ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬಲಗಡೆ, ಮರದ ಹಿಡಿ ಲೋಹಕ್ಕೆ ಸೇರುವ ಜಾಗ ನೋಡಿ. ಬ್ರಿಟಿಷರ ಕಾಲದ್ದಾದರೆ ಕಿರೀಟದ ಗುರುತು, ಸ್ವಾತಂತ್ರ್ಯದ ನಂತರದ್ದಾದರೆ ಅಶೋಕ ಸ್ತಂಭದ ಸಿಂಹಗಳು, ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಷಾಪುರ) ಅಕ್ಷರ, ಇಸವಿ. 2ಎ ಮತ್ತು 2ಎ1 ಬಂದಿದ್ದು 1962ರ ಚೀನಾ ಯುದ್ಧದ ನಂತರ, 7.62 ಎಂ.ಎಂ. ತೋಟಾಕ್ಕೆ. ಹಳೇ 303ನ್ನೇ ಕೊರೆದು ಮಾಡಿದ್ದು ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು, ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ ರೈಫಲ್ ಅದು. ‘ಡಿ.ಪಿ.’ ಅಂತ ಅಚ್ಚು ಇದ್ದರೆ ಕವಾಯತಿಗೆ ಮಾತ್ರ ಇಟ್ಟಿದ್ದು, ಗುಂಡು ಹಾರಿಸಲು ಅಲ್ಲ. ಅದಕ್ಕೆ ರೈಫಲ್‌ನ ರೇಟು ಕೊಡಬೇಡಿ.

ನಂಬರ್ ಹೊಂದಿಸಿ ನೋಡಿ

ಬೆಲೆಯ ದೊಡ್ಡ ಪಾಲು ಇಲ್ಲಿದೆ, ಅವಸರ ಮಾಡಬೇಡಿ. ರಿಸೀವರ್ (ಬೋಲ್ಟ್ ಕೂರುವ ಲೋಹದ ಚೌಕಟ್ಟು) ಮೇಲಿನ ಸೀರಿಯಲ್ ನಂಬರೇ ಬೋಲ್ಟ್ ಹಿಡಿಯ ಹಿಂದೆ, ನಳಿಗೆಯ ಮೇಲೆ, ಮೂತಿಯ ಲೋಹದ ಟೋಪಿಯ ಮೇಲೆ ಇದೆಯಾ? ಎಲ್ಲ ಒಂದೇ ಇದ್ದರೆ ಸಂಗ್ರಹಕಾರ ಜಾಸ್ತಿ ಕೊಡುತ್ತಾನೆ. ಬೋಲ್ಟ್ ನಂಬರ್ ಬೇರೆಯಾಗಿದ್ದರೆ ಬೆಲೆ ಇಳಿಯುವುದಷ್ಟೇ ಅಲ್ಲ, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ನ ಮುಂದೆ ತೋಟಾಕ್ಕೆ ಸಿಗುವ ಜಾಗ) ಗೇಜ್ ಹಾಕಿಸಿ ನೋಡದೆ ಗುಂಡು ಹಾರಿಸುವುದು ಅಪಾಯ ಕೂಡ. ಬೋಲ್ಟ್‌ನಲ್ಲಿ ಹಳೇ ಅಂಕಿ ಉಜ್ಜಿ, ಹೊಳೆಯುವ ಜಾಗದ ಮೇಲೆ ಹೊಸದು ಹೊಡೆದಿರುವುದೂ ಉಂಟು. ಬೆಳಕಿಗೆ ಓರೆಯಾಗಿ ಹಿಡಿದರೆ ಆ ತಗ್ಗು ಕಾಣುತ್ತದೆ. ಕೆಲವೊಮ್ಮೆ ಸೇನೆಯ ವರ್ಕ್‌ಶಾಪಿನವರೇ ಹಾಗೆ ಮಾಡಿರುತ್ತಾರೆ, ಅದನ್ನು ಮೋಸ ಅನ್ನಲಾಗದು. ಆದರೂ ಮೂಲದಿಂದ ಜತೆಗಿದ್ದ ಬೋಲ್ಟ್‌ನ ಬೆಲೆ ಅದಕ್ಕಿಲ್ಲ.

ಮರ, ನಳಿಗೆ

ಮುಂಭಾಗದ ಮರ ಕತ್ತರಿಸಿ ಬೇಟೆ ಬಂದೂಕಿನಂತೆ ಮಾಡಿದ್ದರೆ ಬೆಲೆ ಅರ್ಧಕ್ಕೂ ಇಳಿಯಬಹುದು. ಹಳೇ ಮರ ಹುಡುಕಿ ಜೋಡಿಸಲು ಹೋದರೆ ಆ ಖರ್ಚಿಗೆ ಪೂರ್ತಿ ರೈಫಲ್ಲೇ ಬಂದೀತು. ಮರಕ್ಕೆ ಅಡ್ಡವಾಗಿ ಹಾಕಿದ ಸ್ಕ್ರೂ ಕಂಡರೆ ಹೆದರಬೇಡಿ, ಸೀಳದಿರಲಿ ಅಂತ ಇಷಾಪುರದವರೇ ಹಾಕಿದ್ದು. ಮುಂಭಾಗದ ಮರಕ್ಕೆ ತಂತಿ ಸುತ್ತಿದ್ದರೆ ಸಾಮಾನ್ಯವಾಗಿ ಗ್ರೆನೇಡ್ ಹಾರಿಸಲು ಗಟ್ಟಿ ಮಾಡಿದ್ದು ಅಂತ ಅರ್ಥ. ಅದರ ನಳಿಗೆ ತುಂಬಾ ದುಡಿದಿರಬಹುದು.

ಬೋಲ್ಟ್ ತೆಗೆದು ಹಿಂದಿನಿಂದ ಟಾರ್ಚ್ ಬಿಡಿ. ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳು ಚೂಪಾಗಿದ್ದರೆ ಸ್ವಲ್ಪ ಕಪ್ಪಿದ್ದರೂ ಪರವಾಗಿಲ್ಲ. ಹಳೇ ತೋಟಾಗಳ ಉಪ್ಪಿನ ಅಂಶದಿಂದ ತುಕ್ಕು ತಿಂದ ಗುಳಿಗಳಿದ್ದರೆ ಚೌಕಾಸಿ ಮಾಡಿ. ತೋಟಾದಲ್ಲಿ ಜೋಡಿಸದ ಬರೀ ಗುಂಡನ್ನು ಮೂತಿಗೆ ಇಟ್ಟು ನೋಡಿ. ಪೂರ್ತಿ ಒಳಗೆ ಜಾರಿದರೆ ಮೂತಿ ಸವೆದಿದೆ.

ಆಮೇಲೆ ರೇಟು

ಜನ ಎಡವುವುದು ಇಲ್ಲೇ. ಆನ್‌ಲೈನ್ ಜಾಹೀರಾತಿನಲ್ಲಿ ಕೇಳಿದ ಬೆಲೆ ನೋಡಿ ‘ರೇಟು ಇಷ್ಟಿದೆ’ ಅಂದುಕೊಳ್ಳುತ್ತಾರೆ. ಕೇಳೋದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು! ನಿಜವಾಗಿ ಮಾರಾಟವಾದ ಬೆಲೆ ನೋಡಿ. ಗನ್‌ಬ್ರೋಕರ್‌ನಂಥ ಹರಾಜು ತಾಣಗಳಲ್ಲಿ ಮುಗಿದ ಹರಾಜುಗಳ ಪಟ್ಟಿ ಸಿಗುತ್ತದೆ. ಅದೇ ಮಾಡೆಲ್, ಅದೇ ಸ್ಥಿತಿಯ ನಾಲ್ಕೈದು ಆರಿಸಿ, ತೀರಾ ಜಾಸ್ತಿ ಹೋದ ಒಂದನ್ನು ಪಕ್ಕಕ್ಕಿಡಿ. ಉದಾಹರಣೆಗೆ ಉಳಿದವು 450ರಿಂದ 520 ಡಾಲರ್ ಒಳಗಿದ್ದು, ನಿಮ್ಮ ಮುಂದಿರುವವನು 750 ಕೇಳಿದರೆ, ಆ 230ಕ್ಕೆ ರೈಫಲ್ ಮೇಲೆ ಏನಾದರೂ ಕಾಣಬೇಕು. ‘ನಮ್ಮಜ್ಜ ಬರ್ಮಾದಿಂದ ತಂದಿದ್ದು’ ಅಂದರೆ ಕಾಗದ ಕೇಳಿ. ಕಾಗದ ಇಲ್ಲದ ಕಥೆಗೆ ಒಂದು ಡಾಲರೂ ಬೇಡ. ಹರಾಜಿನ ಕಮಿಷನ್, ಸಾಗಣೆ, ಲೈಸೆನ್ಸ್ ಇರುವ ಡೀಲರ್ ಮೂಲಕ ವರ್ಗಾಯಿಸುವ ಫೀಸು, ಇದನ್ನೆಲ್ಲ ಲೆಕ್ಕಕ್ಕೆ ಸೇರಿಸಿ.

ಕೊನೆಗೆ ‘ಜಂಗಲ್ ಕಾರ್ಬೈನ್’, ಅಂದರೆ ಬ್ರಿಟಿಷರ ನಂ. 5 ಎಂಬ ಗಿಡ್ಡ ರೈಫಲ್. ಅಸಲಿಗೆ ಜಾಸ್ತಿ ಬೆಲೆ, ಅದಕ್ಕೇ ನಕಲಿಗಳೂ ಜಾಸ್ತಿ. 2ಎ1ನ್ನು ಗಿಡ್ಡ ಮಾಡಿ ಮಾರಿದ್ದೂ ಇದೆ. ಅಸಲಿ ನಂ. 5 ಎರಡನೇ ಮಹಾಯುದ್ಧದ ಕೊನೆಕೊನೆಗೆ ಬಂದಿದ್ದು, 303 ತೋಟಾದ್ದು. ಮೇಲಿನ ಮರ ಬಿಚ್ಚಿದರೆ ನಳಿಗೆಯ ಬುಡದಲ್ಲಿ ತೂಕ ಇಳಿಸಲು ಕಡೆದ ತಗ್ಗುಗಳು ಕಾಣುತ್ತವೆ. ಮಾರುವವನು ಮರ ಬಿಚ್ಚಿ ತೋರಿಸಲು ಒಪ್ಪದಿದ್ದರೆ, ಕತ್ತರಿಸಿದ ರೈಫಲ್‌ನ ರೇಟು ಹೇಳಿ ಮುಂದಿನ ಮೇಜಿಗೆ ಹೋಗಿ.